ಅರವತ್ತಾರಕ್ಕೆ ಬರುವಾಕೆ

ಗಂಡನ ಮಿದುಳು ನೋಡುವ ಟೊಪ್ಪಿಗೆ ಮನೆಗೆ ಬಂದ ದಿನ ಮಹಾನಂದಾ ಅದರ ಮುಂಭಾಗಕ್ಕೆ ವಿಭೂತಿ ಹಚ್ಚಿ ಕೈಮುಗಿದಳು. ಅದನ್ನು ತಂದಿದ್ದ ಡಾಕ್ಟರ್ ರೆಹಾನಾ ಮುಲ್ಲಾ ನಕ್ಕುಬಿಟ್ಟರು. "ಹೊರಗ ಎಷ್ಟು ಬೇಕಾದ್ರೂ ಹಚ್ರಿ ಅಕ್ಕಾರ, ಒಳಗ ಮಾತ್ರ ಒಂದು ಕಣನೂ ಹೋಗಬಾರ್ದು ನೋಡ್ರಿ. ಭಾಳ ನಾಜೂಕ ಅದ."

ಕೈಮುಗಿಯುವಷ್ಟು ಕಷ್ಟವನ್ನು ಮಹಾನಂದಾ ಉಂಡಿದ್ದಳು. ಅವಳ ಗಂಡ ಗುರುಪಾದ ಕಟ್ಟು ಹಲ್ಲು ತಯಾರಿಸುವ ಕೆಲಸಗಾರ. ಗದಗ-ಬೆಟಗೇರಿಯ ಹಲ್ಲಿನ ಡಾಕ್ಟರರು ಅಳತೆ ತೆಗೆದು ಕಳಿಸಿದ ಪ್ಲಾಸ್ಟರ್ ಅಚ್ಚಿನ ಮೇಲೆ ಗುಲಾಬಿ ಬಣ್ಣದ ಮೇಣ ಹಚ್ಚಿ, ಅದರಲ್ಲಿ ಒಂದೊಂದೇ ಹಲ್ಲು ಕೂರಿಸಿ, ಮೇಲಿನ ಸಾಲು ಕೆಳಗಿನ ಸಾಲಿಗೆ ಸರಿಯಾಗಿ ಕೂಡುವಂತೆ ಮಾಡುವುದರಲ್ಲಿ ಅವನಿಗೆ ಸಮನಾದವರಿಲ್ಲ ಎನ್ನುತ್ತಿದ್ದರು. ಮದುವೆಯಾದ ಮೂರನೆಯ ವರ್ಷ ಅವನಿಗೆ ದನಿಗಳು ಕೇಳಿಸತೊಡಗಿದವು. ಒಟ್ಟು ಮೂರು. ಇಬ್ಬರು ಗಂಡಸರು ಅವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಒಬ್ಬಳು ಹೆಂಗಸು ಆ ಗಂಡಸರ ಬಾಯಿ ಮುಚ್ಚಿಸಿ ಅವನ ಪರವಾಗಿ ನಿಲ್ಲುತ್ತಿದ್ದಳು. ಒಂದು ಮಧ್ಯಾಹ್ನ ಗಂಡಸರ ಮಾತು ಕೇಳಿ ಗುರುಪಾದ ಓಣಿಯ ನೀರಿನ ಟ್ಯಾಂಕಿನ ಮೇಲೆ ಹತ್ತಿ ಅಂಚಿಗೆ ನಿಂತ. ಮಹಾನಂದಾ ಸುಡುವ ಬಿಸಿಲಲ್ಲಿ ಕೆಳಗೆ ನಿಂತು ಮೂರು ತಾಸು ಮಾತಾಡಿ, ಅತ್ತು, ಆಣೆ ಇಟ್ಟು ಅವನನ್ನು ಇಳಿಸಿದಳು. ಇಳಿದ ಮೇಲೆ ಅವನು ಹೇಳಿದ್ದೇನು? "ಆಕಿ ಬ್ಯಾಡ ಅಂದ್ಲು. ಅದಕ್ಕ ಇಳದೆ."

ಆ ಮಾತು ಮಹಾನಂದಾಳ ಮನಸ್ಸಿನ ತಳದಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು. ಆದರೆ ಆಗ ಅದನ್ನು ಕೆದಕಿ ತೆಗೆಯಲು ಪುರುಸೊತ್ತಿರಲಿಲ್ಲ.

ಗುಳಿಗೆ ಶುರುವಾದವು. ಎರಡು ತಿಂಗಳಲ್ಲಿ ಮೂರೂ ದನಿ ಅಡಗಿದವು. ಅವುಗಳ ಬೆನ್ನಿಗೇ ಗುರುಪಾದನೂ ಸ್ವಲ್ಪ ಸ್ವಲ್ಪವಾಗಿ ಮರೆಯಾಗುತ್ತ ಹೋದ. ನಡೆಯುವಾಗ ತೋಳು ಬೀಸುವುದು ನಿಂತಿತು; ಹೆಜ್ಜೆ ಗೇಣುದ್ದವಾಯಿತು. ನಗು, ಸಿಟ್ಟು ಯಾವುದೂ ಮುಖದ ಮೇಲೆ ಮೂಡಲಿಲ್ಲ. ಬಲಗೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತ, ಕಾಣದ ಗುಳಿಗೆಯೊಂದನ್ನು ಸದಾ ಉರುಳಿಸುತ್ತಿರುವಂತೆ ನಡುಗುತ್ತಿತ್ತು. ವರ್ಷಗಳು ಕಳೆದಂತೆ ಬಾಯಿಯೂ ಅವನ ಹಿಡಿತ ತಪ್ಪಿತು. ಒಮ್ಮೊಮ್ಮೆ ತುಟಿ ತಾನೇ ಚಪ್ಪರಿಸುತ್ತಿತ್ತು, ದವಡೆ ಏನೂ ಇಲ್ಲದೆ ಅಗಿಯುತ್ತಿತ್ತು. ಅವನು ದುಡಿಯುತ್ತಿದ್ದ ಹಲ್ಲಿನ ಲ್ಯಾಬಿನ ಮಾಲಕ ಬಸಲಿಂಗಪ್ಪ ಒಳ್ಳೆಯ ಮನುಷ್ಯ. ಗುರುಪಾದನನ್ನು ಕೆಲಸದಿಂದ ಬಿಡಿಸದೆ ಪ್ಲಾಸ್ಟರ್ ಕಲಸುವ ಕೆಲಸಕ್ಕೆ ಹಾಕಿಕೊಂಡರು. ಹೀಗೆ ಒಂಬತ್ತು ವರ್ಷ. ಮಹಾನಂದಾ ಮನೆಯಲ್ಲೇ ಸೀರೆಗಳಿಗೆ ಫಾಲ್-ಪಿಕೋ ಹೊಲಿಯುತ್ತ, ಅವನ ಅಂಗಿಯ ಗುಂಡಿ ಹಾಕುತ್ತ, ಅವನ ಗಡ್ಡ ಹೆರೆಯುತ್ತ ದಿನ ಕಳೆದಳು.

ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ‘ಅರಿವು ಮಿದುಳು ಅಧ್ಯಯನ ಕೇಂದ್ರ’ ಎಂಬುದೊಂದು ತೆರೆಯಿತು. ಹೊಸ ಪ್ರಯೋಗಕ್ಕೆ ಅಲ್ಲಿ ಆರಿಸಿದ ನಲವತ್ತು ಮಂದಿಯಲ್ಲಿ ಗುರುಪಾದನೂ ಒಬ್ಬ. ಮೊದಲ ದಿನ ರೆಹಾನಾ ಡಾಕ್ಟರು ಗಂಡ-ಹೆಂಡತಿ ಇಬ್ಬರನ್ನೂ ಗಾಜಿನ ಗೋಡೆಯ ಕೋಣೆಗೆ ಕರೆದೊಯ್ದು ಪರದೆಯ ಮೇಲೆ ಗುರುಪಾದನ ಮಿದುಳಿನ ಚಿತ್ರ ತೋರಿಸಿದರು.

"ನಟ್ಟನಡುವ ಎರಡು ಗೋಡಂಬಿ ಇಟ್ಟಂಗ ಕಾಣ್ತದಲ್ಲ, ಅದರ ತುಂಬ ಸಣ್ಣ ಸಣ್ಣ ಬೀಗ ಅವ. ಡೋಪಮೀನ್ ಅನ್ನೋ ರಸ ಆ ಬೀಗಕ್ಕ ಕೀಲಿಕೈ. ಕೀಲಿ ಅತಿಯಾಗಿ ತಿರುಗಿದ್ರ ಇಲ್ಲದ ದನಿ ಕೇಳಸ್ತಾವ. ಗುಳಗಿ ಬೀಗದ ತೂತು ಮುಚ್ತದ. ನೂರರಾಗ ಅರವತ್ತೈದು ಮುಚ್ಚಿದ್ರ ದನಿ ಅಡಗ್ತಾವ. ಎಂಬತ್ತು ದಾಟಿದ್ರ ಕೈಕಾಲು ಬಿಗೀತಾವ. ಯಾಕಂದ್ರ ಕೈಕಾಲು ಆಡ್ಸೋದಕ್ಕೂ ಅವ ಬೀಗ ಬೇಕು."

"ಇವ್ರದು ಎಷ್ಟೈತ್ರಿ?" ಮಹಾನಂದಾ ಕೇಳಿದಳು.

"ಎಂಬತ್ತೊಂಬತ್ತು." ರೆಹಾನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಷ್ಟು ವರ್ಷ ಕತ್ತಲದಾಗ ಕಲ್ಲು ಒಗದಂಗ ಗುಳಗಿ ಕೊಟ್ಟೀವ್ರಿ. ಎಷ್ಟು ಮುಚ್ಚೇದ ಅಂತ ನೋಡ್ಲಿಕ್ಕೆ ಕೋಣಿ ಗಾತ್ರದ ಯಂತ್ರ ಬೇಕಿತ್ತು, ವಿಕಿರಣದ ಸೂಜಿ ಬೇಕಿತ್ತು. ದಿನಾ ನೋಡೋದು ಆಗದ ಮಾತು. ಈಗ ಮನ್ಯಾಗ ಕೂತು ನೋಡಬಹುದು."

ಹೊಸ ಮದ್ದಿನ ಪ್ರತಿ ಕಣಕ್ಕೂ ಒಂದು ಗುರುತು ಅಂಟಿಸಿದ್ದರು. ಅದು ಬೀಗದ ಮೇಲೆ ಕೂತರೆ ನವಿರಾದ ಅಯಸ್ಕಾಂತೀಯ ಮಿಡಿತವೊಂದು ಹೊರಡುತ್ತಿತ್ತು. ಟೊಪ್ಪಿಗೆ ಆ ಮಿಡಿತಗಳನ್ನು ಎಣಿಸುತ್ತಿತ್ತು. ಹುಣಸೆ ಬೀಜದಷ್ಟು ಪಂಪೊಂದನ್ನು ಗುರುಪಾದನ ತೋಳಿನ ಚರ್ಮದಡಿ ಇಟ್ಟರು. ಬೆಳಿಗ್ಗೆ ಹತ್ತು ನಿಮಿಷ ಟೊಪ್ಪಿಗೆ ಹಾಕಿಕೊಂಡು ಕೂತರೆ ಅಂಗೈಯಗಲದ ಪರದೆಯ ಮೇಲೆ ಅಂದಿನ ಅಂಕಿ ಮೂಡುತ್ತಿತ್ತು. ಹುಬ್ಬಳ್ಳಿಯಲ್ಲಿ ಕೂತ ಡಾಕ್ಟರು ಅದನ್ನು ನೋಡಿ ಮದ್ದನ್ನು ಕೂದಲೆಳೆಯಷ್ಟು ಇಳಿಸುತ್ತಿದ್ದರು. ಪರದೆಯ ಮೂಲೆಯಲ್ಲಿ ಒಂದು ಕೆಂಪು ಗುಂಡಿಯೂ ಇತ್ತು. ಅದು ಮಹಾನಂದಾಳ ಹೆಬ್ಬೆಟ್ಟಿಗೆ ಮಾತ್ರ ತೆರೆಯುವಂಥದು. ಒಮ್ಮೆ ಒತ್ತಿದರೆ ಅಂಕಿ ಎರಡು ಏರುತ್ತಿತ್ತು.

"ಬೈಯೋ ದನಿ ತಿರುಗಿ ಬಂದು, ಜೀವಕ್ಕ ಕುತ್ತು ಅನ್ನಿಸಿದ್ರ ಮಾತ್ರ ಒತ್ರಿ," ಎಂದು ರೆಹಾನಾ ಹೇಳಿದರು. "ನಾವು ಅಲ್ಲಿಂದ ಬರೋತನಕಾ ಕಾಯೋದು ಬ್ಯಾಡ ಅಂತ ಇದು."

ಮೂರು ತಿಂಗಳಲ್ಲಿ ಎಂಬತ್ತೊಂಬತ್ತು ಅರವತ್ತಾರಕ್ಕೆ ಇಳಿಯಿತು. ಮೊದಲು ತೋಳು ಬೀಸತೊಡಗಿತು. ಆಮೇಲೆ ಬೆರಳಿನ ನಡುಕ ನಿಂತಿತು. ಬಾಯಿಯ ಅಗಿತವೂ ಕಡಿಮೆಯಾಗುತ್ತ ಬಂತು. ಬಸಲಿಂಗಪ್ಪನವರು ಅವನಿಗೆ ಮತ್ತೆ ಮೇಣದ ಕೆಲಸ ಕೊಟ್ಟರು. ಅರ್ಧ ದಿನ ಲ್ಯಾಬಿನಲ್ಲಿ, ಇನ್ನರ್ಧ ಮನೆಯ ಒಳಕೋಣೆಯಲ್ಲಿ. ಒಂದು ಬೆಳಿಗ್ಗೆ ಅವನು ಚಹಾ ಕುಡಿಯುತ್ತ ಕೂತವನು ಹೆಂಡತಿಯನ್ನೇ ನೋಡಿ, ಹುಬ್ಬೇರಿಸಿ, "ನಿನ್ನ ಕೂದ್ಲ ಯಾವಾಗ ಬೆಳ್ಳಗಾತು, ನಂದಾ?" ಎಂದು ಕೇಳಿದ. ಆ ಹುಬ್ಬು ಏರಿದ್ದನ್ನು ಕಂಡು ಮಹಾನಂದಾ ನಕ್ಕಳು, ನಗುತ್ತಲೇ ಅತ್ತಳು. ಒಂಬತ್ತು ವರ್ಷ ಮರದ ಬೊಂಬೆಗೆ ಉಣಿಸಿ ಉಡಿಸಿದವಳಿಗೆ ಗಂಡ ಸಿಕ್ಕಿದ್ದ.

ಸಿಕ್ಕ ಗಂಡ ಒಂದು ತಿಂಗಳು ಪೂರ್ತಿ ಅವಳೊಬ್ಬಳವನಾಗಿದ್ದ.

ನಾಲ್ಕನೆಯ ತಿಂಗಳ ಕೊನೆಯ ಒಂದು ಸಂಜೆ ಹೊಲಿಗೆ ಯಂತ್ರದ ದಾರ ಕಿತ್ತು ಸದ್ದು ನಿಂತಾಗ ಒಳಕೋಣೆಯಿಂದ ಗುರುಪಾದನ ನಗು ಕೇಳಿತು. ಮೆಲ್ಲಗೆ ಏನೋ ಅಂದ, ಸುಮ್ಮನಾದ, ಮತ್ತೆ ನಕ್ಕ. ನಡುವೆ ಬಿಟ್ಟ ಮೌನ ಸರಿಯಾಗಿ ಇನ್ನೊಬ್ಬರ ಮಾತಿನಷ್ಟು ಉದ್ದವಿತ್ತು.

"ಯಾರ ಜೋಡಿ ಮಾತಾಡಾಕತ್ತೀರಿ?"

ಅವನು ಮುಚ್ಚಿಡಲಿಲ್ಲ. "ಆಕಿ ಬಂದಾಳ."

"ಯಾವಾಕಿ?" ಗೊತ್ತಿದ್ದೂ ಕೇಳಿದಳು.

"ಆಕೀನ, ಮೊದಲಿದ್ದಾಕಿ. ನೀ ಅಂಜಬ್ಯಾಡ, ಗಂಡಸ್ರು ಬಂದಿಲ್ಲ. ಆಕಿ ಒಬ್ಬಾಕೀನ ಬಂದಾಳ." ತವರಿನವರು ಬಂದಿದ್ದಾರೆಂದು ಹೇಳುವ ಹುಡುಗಿಯ ಮುಖದಂತೆ ಅವನ ಮುಖ ಬೆಳಗುತ್ತಿತ್ತು. ಅವಳಿಗೊಂದು ಹೆಸರಾದರೂ ಇದ್ದರೆ ಮಹಾನಂದಾ ಬೈದು ಹಗುರಾಗುತ್ತಿದ್ದಳೇನೋ. ಬರೀ ‘ಆಕಿ’. ಓಣಿಯ ಗಂಡಸರೆಲ್ಲ ತಂತಮ್ಮ ಹೆಂಡಿರನ್ನು ಕರೆಯುವುದೂ ಹಾಗೆಯೇ.

ಮರುದಿನ ಮೊದಲ ರೈಲಿಗೇ ಹುಬ್ಬಳ್ಳಿಗೆ ಹೋದರು. ರೆಹಾನಾ ಗಾಬರಿಯಾಗಲಿಲ್ಲ, ಕುತೂಹಲದಿಂದ ಟೊಪ್ಪಿಗೆ ಹಾಕಿಸಿ ಗುರುಪಾದನನ್ನು ಗಾಜಿನಾಚೆ ಕೂರಿಸಿದರು. ದನಿ ಬಂದರೆ ಬೆರಳೆತ್ತಲು ಹೇಳಿದರು. "ಖುಷಿ ಆದಾಗ ಮಿದುಳು ತಾನ ಒಂದಿಷ್ಟು ರಸ ಸುರಿಸ್ತದ. ಆಗ ಮದ್ದು ಬೀಗದ ಮ್ಯಾಲಿಂದ ಚೂರು ಸರೀತದ. ಎಷ್ಟು ಸರೀತದ ನೋಡೂಣು," ಎಂದು ಮಹಾನಂದಾಳಿಗೆ ವಿವರಿಸಿದರು. ಮೊದಲು ಒಂದು ಹಾಡು ಹಾಕಿದರು: ಪರದೆಯ ಅಂಕಿ ನಾಲ್ಕು ಸರಿಯಿತು. ಆಮೇಲೆ ಮೈಕು ಮಹಾನಂದಾಳ ಕೈಗೆ ಕೊಟ್ಟರು.

ಏನು ಮಾತಾಡಬೇಕೆಂದು ಅವಳಿಗೆ ಹೊಳೆಯಲಿಲ್ಲ. "ರೀ, ನಾನು... ಚಹಾ ಕುಡೀತೀರೇನು? ಹೋಗೂಮುಂದ ಕೊತ್ತಂಬರಿ ತಗೊಂಡು ಹೋಗೂಣ್ರಿ," ಎಂದಳು. ಮೂರು.

ಇಪ್ಪತ್ತು ನಿಮಿಷದ ಮೇಲೆ ಗುರುಪಾದ ಬೆರಳೆತ್ತಿದ. ಪರದೆಯ ಮೇಲೆ ಕಿವಿಯ ಭಾಗ ಹೊಳೆಯಿತು. ಗೋಡಂಬಿಗಳ ತುದಿಗೆ ದೀಪ ಹಚ್ಚಿದಂತಾಯಿತು. ಹನ್ನೊಂದು.

ಮಹಾನಂದಾಳ ಮುಖ ನೋಡಿ ರೆಹಾನಾ ಅವಳ ಕೈಮೇಲೆ ಕೈಯಿಟ್ಟರು. "ಅಕ್ಕಾರ, ಇದು ಪ್ರೀತಿ ತೂಗೋ ತಕ್ಕಡಿ ಅಲ್ರಿ. ದಿನಾ ಕೇಳೋ ದನಿಗೆ ಮಿದುಳು ಹಂಗ ಜಿಗಿಯೂದಿಲ್ಲ. ಒಂಬತ್ತು ವರ್ಷದ ಮ್ಯಾಲೆ ಬಂದದ್ದಕ್ಕ ಜಿಗೀತದ, ಅಷ್ಟ." ಆಮೇಲೆ ಗುರುಪಾದನನ್ನು ಕರೆದು ಕೇಳಿದರು: "ಆಕಿನ್ನ ಓಡಿಸ್ಬೇಕಂದ್ರ ಎಂಬತ್ತರ ಹತ್ರ ಒಯ್ಯಬೇಕು. ಮತ್ತ ಕೈ ಬಿಗೀತದ. ನಿಮಗ ತ್ರಾಸ ಇಲ್ಲಂದ್ರ ಹಿಂಗ ಇರ್ಲಿ. ಏನಂತೀರಿ?"

"ಇರ್ಲಿ ಬಿಡ್ರಿ," ಎಂದ ಗುರುಪಾದ. "ಆಕಿ ಪಾಡಿಗೆ ಆಕಿ ಇರ್ತಾಳ."

ಮಹಾನಂದಾಳನ್ನು ಯಾರೂ ಕೇಳಲಿಲ್ಲ. ರೈಲಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವಳಿಗೆ ಗದಗ ಬರುವವರೆಗೆ ಎರಡೇ ಅಂಕಿ: ಮೂರು, ಹನ್ನೊಂದು. ಹಾಡಿಗಿಂತಲೂ ಕಡಿಮೆ ಬಿದ್ದಿದ್ದಳು ಅವಳು.

ಅಂದಿನಿಂದ ಅವಳಿಗೆ ಕೇಳುವ ಚಟ ಅಂಟಿಕೊಂಡಿತು. ಕೇಳಿದಷ್ಟೂ ಹೊಟ್ಟೆ ಉರಿಯುತ್ತಿತ್ತು, ಕೇಳದೆ ಇರಲಿಕ್ಕೂ ಆಗುತ್ತಿರಲಿಲ್ಲ.

"ಆಕಿ ದನಿ ಹೆಂಗೈತ್ರಿ?"

"ಸಣ್ಣದು. ಒಂಚೂರು ನೆಗಡಿ ಆದಂಗ."

"ಏನೇನ್ ಮಾತಾಡ್ತಾಳ?"

"ಅಂಥಾದ್ದೇನಿಲ್ಲ. ಈ ಕೋರೆಹಲ್ಲು ಚೂರು ಒಳಗ ತಗೋ ಅಂತಾಳ. ಹೊರಗ ಗಾಳಿ ಛಲೋ ಬಿಟ್ಟೈತಿ ಅಂತಾಳ. ಒಮ್ಮೊಮ್ಮೆ ಸುಮ್ನ ಇರ್ತಾಳ."

"ಸುಮ್ನ ಇದ್ರ, ಅದಾಳಂತ ನಿಮಗ ಹೆಂಗ ಗೊತ್ತಾಕ್ಕೈತಿ?"

ಅವನು ಕೈಯಲ್ಲಿದ್ದ ಮೇಣದ ಚಾಕು ಇಟ್ಟು ಯೋಚಿಸಿದ. "ನೀ ಅಡಗಿಮನ್ಯಾಗ ಇದ್ರ ನಂಗ ಗೊತ್ತಾಗೂದಿಲ್ಲೇನು? ಹಂಗ."

"ನನ್ನ ಸುದ್ದಿ ಏನರ ತಗೀತಾಳೇನು?"

"ಏ, ನಿನ್ನ ಸುದ್ದಿ ಆಕಿ ತಗಿಯೂದ ಇಲ್ಲ," ಎಂದು ಗುರುಪಾದ ಸಮಾಧಾನಪಡಿಸುವಂತೆ ನಕ್ಕ.

‘ಆಕಿ’ ತನ್ನನ್ನು ಬೈದಿದ್ದರೂ ಚೆನ್ನಾಗಿತ್ತು. ತನ್ನನ್ನು ಲೆಕ್ಕಕ್ಕೇ ಹಿಡಿಯದವಳ ಜೊತೆ ಜಗಳ ಆಡುವುದು ಹೇಗೆ?

ಮಹಾನಂದಾ ತನ್ನ ಹೊಲಿಗೆ ಯಂತ್ರವನ್ನು ಒಳಕೋಣೆಗೆ ಎಳೆದುಕೊಂಡಳು. ದನಿ ಸಣ್ಣದು ಮಾಡಿ ಮಾತಾಡಲು ನೋಡಿದಳು, "ಗಂಟಲಿಗೆ ಏನಾತು?" ಎಂದು ಗುರುಪಾದ ಬಿಸಿನೀರು ತಂದುಕೊಟ್ಟ. ಅವನ ಕೆಲಸ ನೋಡುತ್ತ ಕೂತು, "ಈ ಕೋರೆಹಲ್ಲು ಛಲೋ ಕುಂತೈತ್ರಿ," ಎಂದಳು. ಅವನು ತಿರುಗಿಸಿ ತೋರಿಸಿ, "ಇದು ದವಡಿಹಲ್ಲು," ಎಂದ. ಒಂದು ಸೋಮವಾರ ಟ್ರಂಕಿನ ತಳದಲ್ಲಿದ್ದ ಹಳದಿ ಇಳಕಲ್ ಸೀರೆ ಉಟ್ಟು ಅವನೆದುರು ನಿಂತಳು.

"ಹೆಂಗ ಕಾಣಸ್ತೀನ್ರಿ?"

"ಛಲೋ ಕಾಣಸ್ತಿ," ಎಂದ ಗುರುಪಾದ. ನಿಜವಾಗಿಯೇ ಅಂದ. ಅಷ್ಟರಲ್ಲಿ ಅವನ ತಲೆ ಎಡಕ್ಕೆ ವಾಲಿತು. ಯಾರೋ ಕಿವಿಯ ಹತ್ತಿರ ಬಾಗಿದಂತೆ ಆಲಿಸಿ ಮುಗುಳ್ನಕ್ಕ.

"ಏನಂದ್ಲು?"

"ಬಣ್ಣ ಛಲೋ ಐತಂತ."

ಮಹಾನಂದಾ ಸೀರೆ ಬಿಚ್ಚಿ ಮಡಿಚಿಟ್ಟು, ಅಡುಗೆಮನೆಯ ಗೂಡಿನಲ್ಲಿದ್ದ ಪರದೆ ಕೈಗೆತ್ತಿಕೊಂಡಳು. ‘ಬೈಗುಳದ ದನಿ ಕೇಳಿಸುತ್ತಿದೆಯೇ? ಅಪಾಯವಿದೆಯೇ?’ ಎಂದು ಅದು ಕೇಳಿತು. ಹೌದು ಎಂದು ಹೆಬ್ಬೆಟ್ಟು ಒತ್ತಿದಳು. ಇದರಲ್ಲಿ ಸುಳ್ಳೇನೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೆಂಗಸು ಬಂದ ಮೇಲೆ ಗಂಡಸರು ಬರಲು ಎಷ್ಟು ಹೊತ್ತು?

ಸಂಜೆ ರೆಹಾನಾ ಫೋನು ಮಾಡಿದರು. "ಗಂಡಸ್ರ ದನಿ ಬಂದಾವೇನ್ರಿ?"

"ಹೂಂನ್ರಿ ಮೇಡಂ. ಭಾಳ ಬೈಯಾಕತ್ತಾರಂತ. ಅವ್ರು ನಿಮ್ಮ ಮುಂದ ಹೇಳಾಕ ನಾಚ್ತಾರ."

ಅಲ್ಲಿಂದ ಮುಂದೆ ಅದು ಸರಾಗವಾಯಿತು. ಅವನು ತಾನೇ ನಕ್ಕರೆ ಒಂದು ಸಲ. ತಲೆ ವಾಲಿಸಿದರೆ ಒಂದು ಸಲ. ಕೇಂದ್ರದವರು ತಿಂಗಳಿಗೊಮ್ಮೆ ಕರೆದು, "ಈಗ ದನಿ ಅವ ಏನ್ರಿ?" ಎಂದು ಕೇಳಿದರೆ ಗುರುಪಾದ, "ಈಗ ಇಲ್ರಿ," ಎನ್ನುತ್ತಿದ್ದ. ಹಾಗಾದರೆ ಇಳಿಸೋಣವೆಂದು ಡಾಕ್ಟರು ಇಳಿಸುತ್ತಿದ್ದರು. ಮನೆಗೆ ಬಂದು ಮಹಾನಂದಾ ಏರಿಸುತ್ತಿದ್ದಳು. ಅಂಕಿ ಎಪ್ಪತ್ತೆರಡಾಯಿತು, ಎಪ್ಪತ್ತೆಂಟಾಯಿತು, ಎಂಬತ್ನಾಲ್ಕಕ್ಕೆ ಹೋಗಿ ನಿಂತಿತು. ಐದು ತಿಂಗಳು.

"ಆಕಿ ಮಾತು ದೂರದಿಂದ ಬಂದಂಗ ಆಗೈತಿ," ಎಂದ ಗುರುಪಾದ ಒಂದು ದಿನ. ಇನ್ನೊಂದು ದಿನ ಉಣ್ಣುತ್ತ ಕೂತಾಗ ತುತ್ತು ಕೈಯಲ್ಲೇ ಹಿಡಿದು, "ಹೋದ್ಲು," ಎಂದ. ಪರದೆ ನೋಡುವುದು ಮಹಾನಂದಾಳ ಕೆಲಸವಾಗಿದ್ದರಿಂದ ಯಾಕೆ ಹೋದಳೆಂದು ಅವನಿಗೆ ಗೊತ್ತಿರಲಿಲ್ಲ. ರೋಗವೇ ಹಾಗೆ ಹೊರಳಿತೆಂದುಕೊಂಡ. ಮಹಾನಂದಾ ಮರುದಿನ ಹೋಳಿಗೆ ಮಾಡಿದಳು. ಎದುರು ಕೂತು ಬಡಿಸಿದಳು. ಅವನ ಕೈ ಮತ್ತೆ ಗುಳಿಗೆ ಉರುಳಿಸತೊಡಗಿತ್ತು, ತುಪ್ಪ ಅಂಗಿಯ ಮೇಲೆ ಸುರಿಯಿತು. "ಛಲೋ ಆಗೇತೇನ್ರಿ?" ಎಂದು ಕೇಳಿದಳು. ಅವನು ಅವಳತ್ತ ನೋಡಿದ. ಆ ಕಣ್ಣಿನಲ್ಲಿ ಹೋಳಿಗೆಯೂ ಇರಲಿಲ್ಲ, ಅವಳೂ ಇರಲಿಲ್ಲ.

ಆ ವಾರವೇ ನಿವೃತ್ತ ಮಾಸ್ತರರೊಬ್ಬರ ಹಲ್ಲಿನ ಸೆಟ್ಟು ಸೊಟ್ಟಗಾಗಿ ವಾಪಸು ಬಂತು. ಬಸಲಿಂಗಪ್ಪನವರು ಬಾಯಿ ಬಿಡುವ ಮೊದಲೇ ಗುರುಪಾದ, "ನಾ ಪ್ಲಾಸ್ಟರ್ ಕಲಸ್ತೀನ್ರಿ ಮಾಲಕ್ರ," ಎಂದನಂತೆ.

ಕೇಂದ್ರದಲ್ಲಿ ವರ್ಷದ ವರದಿ ಬರೆಯುವ ಹೊತ್ತು ಬಂದಾಗ ರೆಹಾನಾ ನಲವತ್ತು ಮನೆಗಳ ಗುಂಡಿಯ ದಾಖಲೆಯನ್ನು ಮಿದುಳಿನ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದರು. ನೋಡಿದವರು ಗುರುಪಾದನನ್ನು ಬಿಟ್ಟು ಮಹಾನಂದಾಳೊಬ್ಬಳನ್ನೇ ಕರೆಸಿದರು.

ಅದೇ ಗಾಜಿನ ಕೋಣೆ. "ಬೈಯೋ ದನಿ ಬಂದ್ರ ಮಿದುಳಿನ್ಯಾಗ ಅಂಜಿಕಿ ಜಾಗಾನೂ ಉರೀತದ ಅಕ್ಕಾರ," ಎಂದು ರೆಹಾನಾ ಮೆಲ್ಲಗೆ ಹೇಳಿದರು. "ಮೂವತ್ತೊಂದು ಸಲ ಒತ್ತೀರಿ. ಆ ಯಾವ ದಿನಾನೂ ಗುರುಪಾದ ಅವರು ಅಂಜಿಲ್ಲ."

ಮಹಾನಂದಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಳು. ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಹಳದಿ ಸೀರೆಯದನ್ನೂ ಹೇಳಿದಳು.

"ನೀವೊಬ್ರ ಅಲ್ಲ," ಎಂದರು ರೆಹಾನಾ. "ಹದಿಮೂರು ಮನ್ಯಾಗ ಹಿಂಗ ಆಗೇದ. ಒಬ್ರು ಮಗ ಎದುರು ಮಾತಾಡಿದ್ರ ಒತ್ಯಾರ. ಒಬ್ರು ಅತ್ತಿ ಜೋರಾಗಿ ಹಾಡ್ತಾರಂತ ಒತ್ಯಾರ. ತಪ್ಪು ನಂದೂ ಅದ. ಗುಂಡಿ ಯಾರ ಕೈಗೆ ಕೊಡಬೇಕಿತ್ತು ಅನ್ನೋದು ನಂಗ ಹೊಳೀಲೇ ಇಲ್ಲ." ಪರದೆ ತಿರುಗಿಸಿದರು. "ಇದನ್ನ ನೋಡ್ರಿ. ಬೀಗ ಮುಚ್ಚಿ ಮುಚ್ಚಿ ಇಟ್ರ ಮಿದುಳು ಸುಮ್ನ ಕೂಡೂದಿಲ್ಲ, ಹೊಸ ಬೀಗ ಹುಟ್ಟಿಸ್ಕೋತದ. ಐದು ತಿಂಗಳದಾಗ ಇಷ್ಟು ಹುಟ್ಯಾವ. ಈಗ ಮದ್ದು ಇಳಿಸಿದ್ರ ಕೈಕಾಲು ಸಡಿಲಾಗ್ತಾವ, ಆದ್ರ ಬಾಯಿ ಮೊದಲಿಗಿಂತ ಜೋರಾಗಿ ಆಡ್ತದ. ಅದು ಪೂರಾ ನಿಲ್ಲತದೋ ಇಲ್ಲೋ, ನಾ ಹೇಳ್ಲಾರೆ."

"ಅವ್ರಿಗೆ ಹೇಳಬ್ಯಾಡ್ರಿ ಮೇಡಂ."

"ಹೇಳ್ಲೇಬೇಕ್ರಿ. ನೀವು ಹೇಳ್ತೀರೋ, ನಾ ಹೇಳ್ಲೋ?"

"ನಾನ ಹೇಳ್ತೀನಿ."

ಮರುದಿನ ಬೆಳಿಗ್ಗೆ ಅವನು ಟೊಪ್ಪಿಗೆ ಹಾಕಿಕೊಂಡು ಕೂತಿದ್ದಾಗ ಎದುರು ನಿಂತು ಹೇಳಿದಳು. ಹೇಳುವಷ್ಟು ಹೊತ್ತೂ ಅವನ ಮುಖವನ್ನೇ ನೋಡುತ್ತಿದ್ದಳು. ಸಿಟ್ಟು ಬಂತೇ, ಅಳು ಬಂತೇ, ಹೇಸಿಗೆಯಾಯಿತೇ, ಒಂದೂ ತಿಳಿಯಲಿಲ್ಲ. ಆ ಮುಖದ ಮೇಲೆ ಏನೂ ಮೂಡದಂತೆ ಮಾಡಿದವಳು ತಾನೇ ಎಂಬುದು ಅವಳಿಗೆ ಆಗ ಪೂರ್ತಿ ಅರ್ಥವಾಯಿತು.

"ಎಷ್ಟು ಸಲ?" ಅವನು ಕೇಳಿದ್ದು ಅಷ್ಟೇ.

"ಮೂವತ್ತೊಂದು."

ಗುರುಪಾದ ಟೊಪ್ಪಿಗೆಯನ್ನು ಪೆಟ್ಟಿಗೆಯಲ್ಲಿಟ್ಟ. ಆ ಪೆಟ್ಟಿಗೆ, ಪರದೆ, ಎರಡು ಅಂಗಿ, ಎರಡು ಪ್ಯಾಂಟು ಚೀಲಕ್ಕೆ ತುಂಬಿದ. ಕೊಪ್ಪಳದಲ್ಲಿ ಅವನ ತಂಗಿಯ ಮನೆಯಿತ್ತು. ಗೇಣುದ್ದದ ಹೆಜ್ಜೆಯಿಡುತ್ತ ಓಣಿಯಲ್ಲಿ ನಡೆದು ಹೋದ. ಓಣಿಯ ತಿರುವು ದಾಟಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಮಹಾನಂದಾ ಬಾಗಿಲಲ್ಲಿ ನಿಂತು ಹತ್ತು ಸಲ ಕರೆಯಬಹುದಿತ್ತು.

ಎರಡು ತಿಂಗಳು ಅವನು ತಂಗಿಯ ಮನೆಯಲ್ಲಿದ್ದ. ರೆಹಾನಾ ಅಲ್ಲಿಗೇ ಹೋಗಿ ಗುಂಡಿಯನ್ನು ಗುರುಪಾದನ ಹೆಬ್ಬೆಟ್ಟಿಗೆ ಬದಲಾಯಿಸಿಕೊಟ್ಟರು. ಉಳಿದ ಮನೆಗಳಲ್ಲೂ ಹಾಗೆಯೇ ಮಾಡಿದರೆಂದು ಆಮೇಲೆ ತಿಳಿಯಿತು. ಮದ್ದು ಇಳಿಯುತ್ತ ಬಂದು ಮತ್ತೆ ಅರವತ್ತಾರಕ್ಕೆ ನಿಂತಿತು.

ಅವನು ತಿರುಗಿ ಬಂದ ದಿನ ಮಹಾನಂದಾ ಬಾಗಿಲು ತೆರೆದವಳು ಹಿಂದೆ ಸರಿದಳು. ತೋಳು ಬೀಸಿಕೊಂಡು, ನೆಟ್ಟಗೆ ನಡೆದು ಬಂದಿದ್ದ. ಆದರೆ ತುಟಿ ಒಂದೇ ಸಮನೆ ಚಪ್ಪರಿಸುತ್ತಿತ್ತು, ನಾಲಿಗೆ ಆಗಾಗ ಹೊರಗಿಣುಕಿ ಒಳಹೋಗುತ್ತಿತ್ತು, ದವಡೆ ಎಡಕ್ಕೂ ಬಲಕ್ಕೂ ಎಳೆಯುತ್ತಿತ್ತು. ಆ ಬಾಯಿಯ ಮೇಲಿದ್ದ ಕಣ್ಣುಗಳಲ್ಲಿ ಸಿಟ್ಟು ಧಗಧಗ ಉರಿಯುತ್ತಿತ್ತು.

"ನೋಡು," ಎಂದ. "ಸರಿಯಾಗಿ ನೋಡು ನನ್ನ ಬಾಯಿ. ಬಸ್ಸಿನ್ಯಾಗ ಒಬ್ಬಾಕಿ ನನ್ನ ನೋಡಿ ಕೂಸಿನ್ನ ಆ ಕಡೆ ತಿರುಗಿಸ್ಕೊಂಡ್ಲು. ಆಕೀಗೆ ಮೈಯಿಲ್ಲ, ಮುಖ ಇಲ್ಲ, ಒಂದು ತುತ್ತು ಅನ್ನ ಬೇಡಾಕಿ ಅಲ್ಲ. ಆಕಿ ನಿನ್ನ ಏನ್ ಕಸಕೊಂಡಿದ್ಲು?"

ಅವನು ಕೂಗಾಡಿದ. ತಂಬಿಗೆ ಎತ್ತಿ ಒಗೆದ. ಹನ್ನೆರಡು ವರ್ಷದಲ್ಲಿ ಅವನು ಅವಳಿಗೆ ಹಾಗೆ ಬೈದಿರಲಿಲ್ಲ. ಮಹಾನಂದಾ ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ದಣಿದ ಮೇಲೆ ಅವನು ಹೇಳಿದ: "ನಾ ಇಲ್ಲೇ ಇರಾಂವ. ಟೊಪ್ಪಿಗಿ ನಂದು, ಹೆಬ್ಬೆಟ್ಟು ನಂದು. ಆ ಪರದೆ ನೀ ಕಣ್ಣೆತ್ತಿ ಸೈತ ನೋಡಂಗಿಲ್ಲ."

"ಆತ್ರಿ," ಎಂದಳು.

ಕೈಗೆ ಕೆಲಸ ತಿರುಗಿ ಬಂತು. ಬಾಯಿ ತನ್ನಷ್ಟಕ್ಕೆ ಆಡುತ್ತಿದ್ದರೂ ಬೆರಳು ಅಲುಗುತ್ತಿರಲಿಲ್ಲ. ಮಾಸ್ತರರ ಸೆಟ್ಟನ್ನು ಹೊಸದಾಗಿ ಮಾಡಿ ತಾನೇ ಒಯ್ದು ಕೊಟ್ಟ. ಗಂಡ-ಹೆಂಡತಿ ಅಗತ್ಯಕ್ಕೆ ತಕ್ಕಷ್ಟು ಮಾತಾಡುತ್ತಿದ್ದರು.

ಆದರೆ ಆಕಿ ಬರಲಿಲ್ಲ.

ಮಹಾನಂದಾ ಕೇಳಲಿಲ್ಲ, ಕೇಳದೆಯೇ ಗೊತ್ತಾಗುತ್ತಿತ್ತು. ಒಳಕೋಣೆಯಲ್ಲಿ ಅವನು ಒಮ್ಮೊಮ್ಮೆ ಕೆಲಸ ಬಿಟ್ಟು ತಲೆ ಎಡಕ್ಕೆ ವಾಲಿಸುತ್ತಿದ್ದ, ಕಾಯುತ್ತಿದ್ದ, ಮತ್ತೆ ನೆಟ್ಟಗಾಗುತ್ತಿದ್ದ. ಡಾಕ್ಟರನ್ನು ಕೇಳಿಕೊಂಡು ಒಂದು ವಾರ ಅರವತ್ತಮೂರಕ್ಕೆ ಇಳಿಸಿ ನೋಡಿದ. ಗಂಡಸರ ಗುಸುಗುಸು ಶುರುವಾಯಿತು. ತಾನೇ ಹೆಬ್ಬೆಟ್ಟು ಒತ್ತಿ ಏರಿಸಿಕೊಂಡ. ಆಕಿ ಮಾತ್ರ ಇಲ್ಲ. ಯಾಕೆಂದು ರೆಹಾನಾರಿಗೂ ಗೊತ್ತಿರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಚಹಾ ಕೊಡಲು ಹೋದ ಮಹಾನಂದಾ ಅವನು ಸುಮ್ಮನೆ ಕೂತಿರುವುದನ್ನು ಕಂಡಳು. ಸ್ಪಿರಿಟ್ ದೀಪ ಆರಿತ್ತು, ಮೇಣ ಗಟ್ಟಿಯಾಗಿತ್ತು. ಅವನ ಕಣ್ಣಿನಿಂದ ನೀರು ಹರಿದು ಆಡುವ ತುಟಿಗಳ ಮೇಲೆ ಬೀಳುತ್ತಿತ್ತು. ಅವಳು ಚಹಾ ಕೆಳಗಿಟ್ಟು ಬಾಗಿಲಲ್ಲೇ ಕೂತಳು.

"ಯಾರರ ಸತ್ರ ಮಣ್ಣು ಕೊಟ್ಟು ಬರ್ತೀವಿ," ಎಂದ ಅವನು. "ಮಂದಿ ಬಂದು ನಾಕು ದಿನ ಕುಂದರ್ತಾರ. ಆಕೀಗೆ ಯಾರು ಬರ್ತಾರ?"

ಮಹಾನಂದಾ ಒಳಗೆ ಬಂದು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಳು. "ನಾ ಬಂದೀನಲ್ರಿ."

ಅವನು ಅವಳನ್ನು ದಿಟ್ಟಿಸಿದ. ಅಣಕವಿದೆಯೇ ಎಂದು ಹುಡುಕುವಂತಿತ್ತು ಆ ನೋಟ.

"ಹೇಳ್ರಿ," ಎಂದಳು. "ಆಕಿ ಹೆಂಗಿದ್ಲು?"

ಅವನ ತುಟಿಗಳ ಆಟದ ನಡುವೆ ದಾರಿ ಮಾಡಿಕೊಂಡು ಮಾತು ಬಂತು. "ಗುಡುಗು ಅಂದ್ರ ಭಾಳ ಅಂಜತಿದ್ಲು. ಗುಡುಗಿದ್ರ ಸಾಕು, ನನ್ನ ಕಿವಿ ಹಂತ್ಯಾಕ ಬಂದು ಮುದುಡಿ ಕೂತಂಗ ಆಕ್ಕಿತ್ತು. ‘ನಾ ಅದೀನಿ, ಸುಮ್ನಿರು’ ಅಂತಿದ್ದೆ. ಈ ಜಗತ್ತಿನ್ಯಾಗ ಆಕಿ ಒಬ್ಬಾಕೀಗೆ ನಾ ಧೈರ್ಯ ಹೇಳ್ತಿದ್ದೆ ನೋಡು, ನಂದಾ. ಉಳದವರೆಲ್ಲಾ ನಂಗ ಹೇಳಾವ್ರ."

ಹೇಳುತ್ತ ಹೇಳುತ್ತ ಅವನ ಮುಖ ಬೆಳಗಿತು. ಮಹಾನಂದಾಳಿಗೆ ಅದೇ ಹಳೆಯ ಉರಿ, ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಗುಡುಗಿಗೆ ತಾನೂ ಅಂಜುತ್ತೇನೆಂದು ಇಷ್ಟು ವರ್ಷದಲ್ಲಿ ಅವನಿಗೆ ಒಂದು ದಿನವೂ ಹೇಳಿರಲಿಲ್ಲ ಅವಳು. ಹೇಳಲು ಇದು ಹೊತ್ತೂ ಅಲ್ಲ. ಸೆರಗನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಅವನು ಮಾತು ನಿಲ್ಲಿಸಿದ.

"ಆಮ್ಯಾಲೆ?" ಎಂದು ಕೇಳಿದಳು.